ಟರ್ಮ್ ಮಾಡಿದ ಮೇಲೂ ಉಳಿಯುವ ‘ಟಿ’: ಡಿಬಿ2 ಆನ್‌ಲೈನ್ ಬ್ಯಾಕಪ್ ಎಲ್ಲಿಗೆ ಬಂತು

ಗಂಟು ಕೊನೆಗೂ ಬಿಚ್ಚಿದೆ. ಜೆಡ್‌ಓಎಸ್ (ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್) ಮೇಲಿನ ಡಿಬಿ2 ಡೇಟಾಬೇಸ್‌ಗೆ ರಾತ್ರಿ ತಾನಾಗಿ ಓಡುವ ಇಮೇಜ್ ಕಾಪಿ (ಬ್ಯಾಕಪ್) ಜಾಬ್ ಬರೆಯುವುದು ದೊಡ್ಡ ಕೆಲಸವಲ್ಲ. ಯಾವುದರ ಕಾಪಿ ಎಂಬ ಪಟ್ಟಿಗೆ ಲಿಸ್ಟ್‌ಡೆಫ್, ಕಾಪಿಯ ಹೆಸರು-ಜಾಗ ಹೇಳಲು ಟೆಂಪ್ಲೇಟ್, ಅಪ್ಲಿಕೇಶನ್ ಬರೆಯುತ್ತಿರುವಾಗಲೇ ಕಾಪಿ ತೆಗೆಯಲು ಶೇರ್‌ಲೆವೆಲ್ ಚೇಂಜ್, ಭಾನುವಾರ ಫುಲ್, ಉಳಿದ ಆರು ದಿನ ಬದಲಾದದ್ದನ್ನಷ್ಟೇ ತೆಗೆಯುವ ಇನ್‌ಕ್ರಿಮೆಂಟಲ್. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಒಂದು ರಾತ್ರಿ ಜಾಬ್ ಅರ್ಧಕ್ಕೆ ಬಿದ್ದರೆ, ಮರುದಿನ ಯಾರೂ ಕೈಹಾಕದೆ ಅದು ಸರಿಯಾಗಿ ಏಳಬೇಕು. ತಲೆ ತಿಂದದ್ದು ಅದೊಂದೇ.

ಮೊದಲು ಹೆಸರಿನ ಲೆಕ್ಕ ಮುಗಿಸಿಬಿಡೋಣ. ಡೇಟಾಸೆಟ್ (ಮೇನ್‌ಫ್ರೇಮ್‌ನ ಫೈಲ್) ಹೆಸರಿಗೆ 44 ಅಕ್ಷರದ ಮಿತಿ. ‘ಬಿಕೆಪಿ’ ಪ್ರಿಫಿಕ್ಸ್, 8 ಅಕ್ಷರದ ಡೇಟಾಬೇಸ್, 8 ಅಕ್ಷರದ ಟೇಬಲ್‌ಸ್ಪೇಸ್ (ಟೇಬಲ್‌ಗಳ ಡೇಟಾ ಕೂರುವ ಜಾಗ), ‘ಪಿ’ ಜೊತೆ ಐದಂಕಿಯ ಪಾರ್ಟಿಷನ್ (ಅದರ ಒಂದು ಭಾಗ), ಫುಲ್‌ಗೆ ‘ಎಫ್’ ಅಥವಾ ಇನ್‌ಕ್ರಿಮೆಂಟಲ್‌ಗೆ ‘ಐ’, ‘ಡಿ’ ಜೊತೆ ಏಳಂಕಿಯ ಜೂಲಿಯನ್ ತಾರೀಖು (ವರ್ಷ, ವರ್ಷದ ಎಷ್ಟನೇ ದಿನ), ‘ಟಿ’ ಜೊತೆ ಆರಂಕಿಯ ಸಮಯ. ಚುಕ್ಕಿಗಳೂ ಸೇರಿ 47 ಆಗುತ್ತದೆ. ‘ಪಿ’ ತೆಗೆದು ಕಾಪಿಯ ಬಗೆ ಮತ್ತು ಪಾರ್ಟಿಷನ್ ಎರಡನ್ನೂ ‘ಎಫ್00001’ ಎಂದು ಒಟ್ಟಿಗೆ ಬರೆದು, ಪ್ರಿಫಿಕ್ಸನ್ನು ‘ಬಿಕೆ’ಗೆ ಇಳಿಸಿದರೆ ಸರಿಯಾಗಿ 44. ಟೆಸ್ಟ್‌ನ ಚಿಕ್ಕ ಹೆಸರುಗಳಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಎಂಟೆಂಟು ಅಕ್ಷರದ ಹೆಸರಿನ ಮೇಲೇ ಪರೀಕ್ಷಿಸಬೇಕು.

ಈಗ ಗಂಟಿನ ವಿಷಯ. ಕಾಪಿ ಓಡುವಾಗ ಡಿಸ್ಕ್ ಪೂಲ್ ತುಂಬಿ ಬಿ37 (ಜಾಗ ಸಾಲದು ಎಂಬ ದೋಷ) ಬರುತ್ತದೆ, ಜಾಬ್ ಅಬೆಂಡ್ ಆಗುತ್ತದೆ (ಅರ್ಧಕ್ಕೇ ಬೀಳುತ್ತದೆ), ಕಾಪಿ ಮಾಡುವ ಯುಟಿಲಿಟಿ ಮಾತ್ರ ‘ಸ್ಟಾಪ್ಡ್’ ಸ್ಥಿತಿಯಲ್ಲಿ ಡಿಬಿ2 ಒಳಗೇ ಕೂತಿರುತ್ತದೆ. ಮರುರಾತ್ರಿ ಅದೇ ಯುಟಿಲಿಟಿ ಐಡಿ ಹಿಡಿದು ಬಂದ ಜಾಬ್, ಹೊಸ ಕೆಲಸ ಶುರುಮಾಡುವ ಬದಲು ನಿನ್ನೆ ನಿಂತದ್ದನ್ನು ಮುಂದುವರಿಸಲು ಹೊರಡುತ್ತದೆ. ರೀಸ್ಟಾರ್ಟ್ ಎಂದು ಹೇಳಬೇಕಾಗಿಲ್ಲ, ಐಡಿ ಹೊಂದಿದರೆ ಸಾಕು. ಲಿಸ್ಟ್ ಕೂಡ ನಿನ್ನೆ ಚೆಕ್‌ಪಾಯಿಂಟ್‌ನಲ್ಲಿ ಉಳಿಸಿಟ್ಟದ್ದೇ.

ಇದಕ್ಕೆ ಸಪ್ಲೈಯರ್ ಕೊಟ್ಟ ಮಾದರಿ ಜೆಸಿಎಲ್‌ನಲ್ಲಿದ್ದ (ಜಾಬ್ ಬರೆಯುವ ಭಾಷೆ) ಮದ್ದು ಇಷ್ಟೇ: ಮೊದಲ ಸ್ಟೆಪ್ಪಿನಲ್ಲೇ ವೈಲ್ಡ್‌ಕಾರ್ಡ್ ಹಾಕಿ ಟರ್ಮ್ ಯುಟಿಲಿಟಿ, ಅಂದರೆ ಯುಟಿಲಿಟಿಯನ್ನು ಮುಗಿಸುವ ಆದೇಶ. ಹುತ್ತ ಬಡಿದರೆ ಹಾವು ಸತ್ತೀತೇ? ಟರ್ಮ್ ಮಾಡಿದಾಗ, ಕಾಪಿ ಶುರುವಾಗಿ ಮುಗಿಯದೆ ಉಳಿದ ಆಬ್ಜೆಕ್ಟ್‌ಗಳಿಗೆ ಸಿಸ್‌ಕಾಪಿಯಲ್ಲಿ (ಕಾಪಿಗಳ ದಾಖಲೆ ಇಡುವ ಡಿಬಿ2 ಕ್ಯಾಟಲಾಗ್ ಟೇಬಲ್) ಐಸಿಟೈಪ್ (ದಾಖಲೆಯ ಬಗೆ) ‘ಟಿ’ ಎಂಬ ಸಾಲು ಬೀಳುತ್ತದೆ. ಅದರ ನಂತರ ಒಂದು ಫುಲ್ ಕಾಪಿ ಆಗುವವರೆಗೆ ಆ ಟೇಬಲ್‌ಸ್ಪೇಸ್‌ಗೆ ಇನ್‌ಕ್ರಿಮೆಂಟಲ್ ಕಾಪಿಯನ್ನು ಡಿಬಿ2 ಒಪ್ಪುವುದೇ ಇಲ್ಲ. ಫುಲ್ ಕಾಪಿ ಒಂದೇ ದಾರಿ. ಅಂದರೆ ಭಾನುವಾರ ಬಿದ್ದ ಒಂದು ಜಾಬ್ ಸೋಮವಾರದಿಂದ ಶನಿವಾರದವರೆಗಿನ ಬ್ಯಾಕಪ್ಪನ್ನೂ ನುಂಗುತ್ತದೆ. ಈ ಮಾತು ಆ ಮಾದರಿಯ ಕಮೆಂಟ್‌ನಲ್ಲಿ ಒಂದು ಸಾಲಾದರೂ ಇರಬೇಕಿತ್ತು. ಹಣ ಪಡೆದು ಕೊಡುವ ಜೆಸಿಎಲ್‌ನಲ್ಲಿ ಇದನ್ನು ಬಿಡುವುದು ಸಣ್ಣ ತಪ್ಪಲ್ಲ. ವೈಲ್ಡ್‌ಕಾರ್ಡ್ ಇನ್ನೂ ಅಪಾಯ: ಹೆಸರು ಹೊಂದಿದರೆ ಆ ಹೊತ್ತಿಗೆ ಓಡುತ್ತಿರುವ ಬೇರೆ ಯುಟಿಲಿಟಿಯನ್ನೂ ಅದು ಕೊಲ್ಲುತ್ತದೆ.

ಗಾಯದ ಮೇಲೆ ಬರೆ ಎಂಬಂತೆ ಇನ್ನೊಂದು. ಟೆಂಪ್ಲೇಟ್‌ನ ಡಿಫಾಲ್ಟ್ ಡಿಸ್ಪೊಸಿಷನ್ ನ್ಯೂ, ಕ್ಯಾಟಲಾಗ್, ಕ್ಯಾಟಲಾಗ್. ಅಬೆಂಡ್ ಆದರೂ ಅರ್ಧ ಬರೆದ ಡೇಟಾಸೆಟ್ ಕ್ಯಾಟಲಾಗ್ ಆಗಿ ಪೂಲ್‌ನಲ್ಲೇ ಉಳಿಯುತ್ತದೆ. ಹೆಸರಿನಲ್ಲಿ ಸಮಯ ಇರುವುದರಿಂದ ಮುಂದಿನ ಜಾಬ್ ಅದಕ್ಕೆ ಡಿಕ್ಕಿ ಹೊಡೆಯುವುದೂ ಇಲ್ಲ. ಸಿಸ್‌ಕಾಪಿಯಲ್ಲಿ ಅದರ ಹೆಸರೇ ಇಲ್ಲದ ಮೇಲೆ ಮಾಡಿಫೈ ರಿಕವರಿ (ಹಳೆಯ ಕಾಪಿಗಳ ದಾಖಲೆ ತೆಗೆಯುವ ಯುಟಿಲಿಟಿ) ಅದರ ಗೊಡವೆಗೂ ಹೋಗದು. ಹೀಗೆ ಬಿ37ನಿಂದ ಹುಟ್ಟಿದ ಕಸವೇ ಮುಂದಿನ ಬಿ37ಗೆ ಕಾರಣವಾಗುತ್ತದೆ.

ಈಗ ನಿಂತಿರುವ ಕ್ರಮ ಹೀಗಿದೆ. ಮೊದಲ ಸ್ಟೆಪ್ ಐಕೆಜೆಇಎಫ್‌ಟಿ01 (ಜಾಬ್‌ನೊಳಗಿಂದ ಆದೇಶ ಕೊಡುವ ಪ್ರೋಗ್ರಾಂ) ಮೂಲಕ, ಯುಟಿಲಿಟಿಗಳ ಸ್ಥಿತಿ ತೋರಿಸುವ ಡಿಸ್‌ಪ್ಲೇ ಯುಟಿಲಿಟಿ ಆದೇಶ ಕೊಡುತ್ತದೆ. ಅದರ ಔಟ್‌ಪುಟ್ಟನ್ನು ಒಂದು ರೆಕ್ಸ್ ಸ್ಕ್ರಿಪ್ಟ್ ಓದಿ, ನಮ್ಮ ಐಡಿ ‘ಸ್ಟಾಪ್ಡ್’ ಆಗಿದ್ದರೆ ಮಾತ್ರ, ಪೂರ್ತಿ ಹೆಸರು ಬರೆದು ಟರ್ಮ್ ಮಾಡುತ್ತದೆ. ಅದೇ ರಾತ್ರಿ ಸಮಯ ಉಳಿದಿದ್ದರೆ ಟರ್ಮ್ ಬೇಡ. ಜಾಗ ಮಾಡಿಕೊಟ್ಟು, ಈ ಸ್ಟೆಪ್ ಬಿಟ್ಟು ಕಾಪಿ ಸ್ಟೆಪ್ಪಿನಿಂದ ಅದೇ ಜಾಬ್ ಮತ್ತೆ ಸಬ್‌ಮಿಟ್ ಮಾಡಿದರೆ ಮುಂದುವರಿಯುತ್ತದೆ. ಎರಡನೇ ಸ್ಟೆಪ್ ಸಿಸ್‌ಕಾಪಿಯನ್ನು ಕೇಳುತ್ತದೆ: ‘ಟಿ’ ಸಾಲು ಇದ್ದು, ಅದರ ನಂತರದ ಟೈಮ್‌ಸ್ಟ್ಯಾಂಪ್‌ನ ‘ಎಫ್’ ಸಾಲು ಇಲ್ಲದವು ಯಾವುವು? ಅವು ಫುಲ್ ಲಿಸ್ಟ್‌ಡೆಫ್‌ಗೆ, ಉಳಿದವು ಇನ್‌ಕ್ರಿಮೆಂಟಲ್ ಲಿಸ್ಟ್‌ಡೆಫ್‌ಗೆ. ಎರಡೂ ಪಟ್ಟಿಯನ್ನು ರೆಕ್ಸ್ ಪ್ರತಿ ರಾತ್ರಿ ಹೊಸದಾಗಿ ಬರೆಯುತ್ತದೆ.

ಕ್ವೆರಿಯಲ್ಲಿ ಒಂದು ಮುಳ್ಳಿದೆ. ‘ಟಿ’ ಸಾಲಿನ ಡಿಎಸ್‌ನಮ್ (ಪಾರ್ಟಿಷನ್ ಸಂಖ್ಯೆ) 3 ಇರಬಹುದು. ಆಮೇಲೆ ಇಡೀ ಟೇಬಲ್‌ಸ್ಪೇಸ್‌ನ ಫುಲ್ ಕಾಪಿ ಆಗಿದ್ದರೆ ಅದರ ಡಿಎಸ್‌ನಮ್ 0. ಎರಡೂ ಸಮ ಇರಬೇಕು ಎಂದಷ್ಟೇ ಬರೆದರೆ ಆ ಪಾರ್ಟಿಷನ್ ಪ್ರತಿ ರಾತ್ರಿಯೂ ಫುಲ್ ಪಟ್ಟಿಗೇ ಬೀಳುತ್ತಿರುತ್ತದೆ. ‘ಸಮ, ಇಲ್ಲವೇ 0’ ಎಂದು ಬರೆಯಬೇಕು.

ಕಸ ಗುಡಿಸುವುದು ಕೊನೆಯ ಸ್ಟೆಪ್. ‘ಬಿಕೆ’ ಅಡಿಯ ಜೆಡ್‌ಓಎಸ್ ಕ್ಯಾಟಲಾಗ್ ಹೆಸರುಗಳಲ್ಲಿ ಸಿಸ್‌ಕಾಪಿಯ ಡಿಎಸ್‌ನೇಮ್‌ನಲ್ಲಿ (ಡೇಟಾಸೆಟ್ ಹೆಸರಿನ ಕಾಲಂ) ಇಲ್ಲದವನ್ನು ಅಳಿಸುವುದು. ಇಲ್ಲಿ ಅವಸರ ಬೇಡ. ಓಡುತ್ತಿರುವ ಕಾಪಿಯ ಸಾಲು ಸಿಸ್‌ಕಾಪಿಗೆ ಇನ್ನೂ ಬಂದಿರುವುದಿಲ್ಲ, ಹಾಗಾಗಿ 24 ಗಂಟೆಗಿಂತ ಹಳೆಯದನ್ನು ಮಾತ್ರ ಮುಟ್ಟಬೇಕು. ಡಿಬಿ2 ಕ್ಯಾಟಲಾಗನ್ನೇ ಹಿಂದಿನ ಸಮಯಕ್ಕೆ ರಿಕವರ್ ಮಾಡಿದ್ದರಂತೂ ಈ ಸ್ಟೆಪ್ಪನ್ನು ಕೂಡಲೇ ನಿಲ್ಲಿಸಬೇಕು; ಆಗ ಒಳ್ಳೆಯ ಕಾಪಿಗಳೆಲ್ಲ ಕಸದಂತೆ ಕಾಣುತ್ತವೆ.

ಪೂಲ್‌ಗೆ ಜಾಗ ಸಾಲದಿರುವುದಕ್ಕೆ ಟೆಂಪ್ಲೇಟ್‌ನಲ್ಲಿ ಲಿಮಿಟ್ ಹಾಕಿದ್ದಾಯಿತು. ಅಂದಾಜು ಗಾತ್ರ ಹೇಳಿದಷ್ಟು ಸಿಲಿಂಡರ್ (ಡಿಸ್ಕ್ ಜಾಗದ ಅಳತೆ) ಮೀರಿದರೆ ಡಿಬಿ2 ತಾನೇ ಟೇಪ್ ಟೆಂಪ್ಲೇಟ್‌ಗೆ ಹೊರಳುತ್ತದೆ. ಇನ್ನು ಲಾಗ್, ಅಂದರೆ ಡೇಟಾದ ಬದಲಾವಣೆಗಳ ದಾಖಲೆ. ಶೇರ್‌ಲೆವೆಲ್ ಚೇಂಜ್ ಕಾಪಿ ಲಾಗ್ ಇಲ್ಲದೆ ನಿರುಪಯೋಗಿ. ಮಾಡಿಫೈ ರಿಕವರಿಯಲ್ಲಿ 35 ದಿನ ಇಟ್ಟಿದ್ದರೆ ಆರ್ಕೈವ್ ಲಾಗ್ ಅದಕ್ಕಿಂತ ಹೆಚ್ಚು ದಿನ ಇರಲೇಬೇಕು.

ಮುಂದಿನ ಯೋಜನೆ ಈಗಲೇ ಕೈ ಕೆರೆಯುತ್ತಿದೆ: ಡಿಬಿ2 10ನೇ ಆವೃತ್ತಿಯಲ್ಲಿ ಬಂದ ಫ್ಲ್ಯಾಶ್‌ಕಾಪಿ (ಡಿಸ್ಕ್ ಸಾಧನವೇ ತೆಗೆಯುವ ಕಾಪಿ) ಕನ್ಸಿಸ್ಟೆಂಟ್. ಅಪ್ಲಿಕೇಶನ್ ಬರೆಯುತ್ತಿರುವಾಗಲೇ ಕಾಪಿ ತೆಗೆದು, ಕಮಿಟ್ ಆಗದ ಬದಲಾವಣೆಯನ್ನು ಕಾಪಿಯಿಂದಲೇ ಹಿಂತೆಗೆಯುತ್ತದೆ. ಅದರಲ್ಲಿ ಎಲ್ಲವೂ ಫುಲ್, ಹಾಗಾಗಿ ‘ಟಿ’ಯಿಂದ ಇನ್‌ಕ್ರಿಮೆಂಟಲ್ ಕೆಡುವ ಪ್ರಶ್ನೆಯೇ ಇಲ್ಲ. ಟೇಪ್‌ಗೆ ಕಳಿಸಲು, ಕಾಪಿಯಿಂದಲೇ ಇನ್ನೊಂದು ಕಾಪಿ ತೆಗೆಯುವ ಕಾಪಿಟುಕಾಪಿ ಇದೆ. ಡಿಸ್ಕ್ ಜಾಗದ ಲೆಕ್ಕವನ್ನು ಮೊದಲಿನಿಂದ ಹಾಕಬೇಕು, ಅಷ್ಟೇ.

ಅದಕ್ಕೂ ಮುನ್ನ ಒಂದು ಪರೀಕ್ಷೆ ಬಾಕಿ ಇದೆ. ಟೆಸ್ಟ್ ಪೂಲನ್ನು ಒಂದೇ ಚಿಕ್ಕ ವಾಲ್ಯೂಮ್‌ಗೆ ಇಳಿಸಿ, ಲಿಮಿಟ್ ತೆಗೆದು, ಬೇಕೆಂದೇ ಬಿ37 ತರಿಸುವುದು. ಅದು ಆಗಬೇಕಾದ್ದು ಲಿಸ್ಟ್‌ನ ಮೊದಲ ಆಬ್ಜೆಕ್ಟ್‌ನಲ್ಲಲ್ಲ, ನಡುವಿನದರಲ್ಲಿ. ಮರುರಾತ್ರಿ ಫುಲ್ ಪಟ್ಟಿಯಲ್ಲಿ ಆ ‘ಟಿ’ ಸಾಲಿನ ಹೆಸರುಗಳಷ್ಟೇ ಇರಬೇಕು, ಒಂದೂ ಹೆಚ್ಚಿರಬಾರದು.