ಮ್ಯೂಸಿಕ್ ಟೀಚರಿಗೆ ಆಕಾಶದ ಹುಚ್ಚು ಎಲ್ಲಿಂದ ಬಂತು?

ಟೆಲಿಸ್ಕೋಪಿನಲ್ಲಿ ಯುರೇನಸ್ ತೋರಿಸುವಾಗೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. 1781ರಲ್ಲಿ ಈ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್ ಇಂಗ್ಲೆಂಡಿನ ಬಾತ್ ಊರಲ್ಲಿ ಚರ್ಚಿನ ಆರ್ಗನ್ ನುಡಿಸಿಕೊಂಡು, ಸಂಗೀತ ಪಾಠ ಹೇಳಿಕೊಂಡು ಇದ್ದ ಜರ್ಮನ್ ಅಂದ ಕೂಡಲೇ, "ಅವನಿಗ್ಯಾಕೆ ಬೇಕಿತ್ತು ಇದೆಲ್ಲ?"

ಎಲ್ಲರೂ ಕೊಡುವ ಉತ್ತರ ಒಂದಿದೆ. ರಾಬರ್ಟ್ ಸ್ಮಿತ್ ಅನ್ನುವವರು ಸ್ವರಗಳ ಗಣಿತದ ಬಗ್ಗೆ ಬರೆದ ಪುಸ್ತಕ ಓದಿದ, ಹಿಡಿಸಿತು, ಅವರೇ ಬೆಳಕಿನ ಬಗ್ಗೆ ಬರೆದದ್ದನ್ನೂ ಓದಿದ, ಅದರಲ್ಲಿ ಟೆಲಿಸ್ಕೋಪ್ ಮಾಡುವ ವಿಧಾನ ಇತ್ತು. ನಿಜವೇ. ಆದರೆ ನನ್ನನ್ನು ಕೇಳಿದರೆ ಅಪ್ಪನಿಂದ ಶುರು ಮಾಡಬೇಕು.

ಅಪ್ಪ ಐಸಾಕ್, 1707ರಲ್ಲಿ ಹುಟ್ಟಿದವನು, ತೋಟದ ಮಾಲಿಯ ಮಗ. ತೋಟ ಬೇಡ ಅಂತ ಓಬೋ ಕಲಿತ (ಶಹನಾಯಿ ಜಾತಿಯ ವಾದ್ಯ), ಜರ್ಮನಿಯ ಹ್ಯಾನೋವರ್ ಸೇನೆಯ ಬ್ಯಾಂಡ್ ಸೇರಿದ. 1743ರ ಡೆಟಿಂಗೆನ್ ಯುದ್ಧದ ರಾತ್ರಿ ನೀರು ತುಂಬಿದ ಹಳ್ಳದಲ್ಲಿ ಮಲಗಿ ಹಿಡಿದ ಉಬ್ಬಸ ಸಾಯುವವರೆಗೂ ಬಿಡಲಿಲ್ಲ. ಸೇನೆ ಬಿಟ್ಟ ಮೇಲೆ ಸಂಗೀತ ಪಾಠವೇ ಸಂಸಾರಕ್ಕೆ ಆಧಾರ. ರಾತ್ರಿ ಗಂಡುಮಕ್ಕಳ ಜೊತೆ ನ್ಯೂಟನ್, ಲೈಬ್ನಿಟ್ಸ್ ಅಂತ ಜೋರು ಚರ್ಚೆ, ಚಿಕ್ಕ ಮಕ್ಕಳಿಗೆ ನಿದ್ದೆ ಬರಬಾರದು, ಅಷ್ಟು. ಒಮ್ಮೆ ಕೊರೆಯುವ ಚಳಿಯಲ್ಲಿ ಮಗಳು ಕ್ಯಾರೊಲಿನಳನ್ನು ಬೀದಿಗೆ ಕರೆದುಕೊಂಡು ಹೋಗಿ ನಕ್ಷತ್ರಪುಂಜ ತೋರಿಸಿದ್ದ, ಧೂಮಕೇತುವನ್ನೂ ತೋರಿಸಿದ್ದ. ಮುಂದೆ ಅವಳೇ ಎಂಟು ಧೂಮಕೇತು ಕಂಡುಹಿಡಿದಳು.

1757ರಲ್ಲಿ ಹಾಸ್ಟೆನ್‌ಬೆಕ್ ಯುದ್ಧದಲ್ಲಿ ಹ್ಯಾನೋವರ್ ಕಡೆಯವರು ಸೋತರು, ಫ್ರೆಂಚರು ಹ್ಯಾನೋವರ್‌ಗೆ ನುಗ್ಗಿದರು. ಅಣ್ಣ ಯಾಕೋಬ್, ವಿಲಿಯಂ ಇಬ್ಬರೂ ಇಂಗ್ಲೆಂಡಿಗೆ ಹೋದರು. ವಿಲಿಯಂಗೆ ಆಗ ಹದಿನೆಂಟು. ಲಂಡನ್ನಿನಲ್ಲಿ ಸಂಗೀತದ ಹಾಳೆ ನಕಲು ಮಾಡಿ ಹೊಟ್ಟೆ ಹೊರೆದ. ಯಾಕೋಬ್ ವಾಪಸು ಬಂದ, ವಿಲಿಯಂ ಅಲ್ಲೇ ಉಳಿದ.

ಅಮ್ಮ ಅನ್ನಾಗೆ ಇದು ದೊಡ್ಡ ಕೊರಗು. ಓದು ಸ್ವಲ್ಪ ಕಮ್ಮಿ ಆಗಿದ್ದರೆ ಮಗ ಊರಿಗೆ ಬರ್ತಿದ್ದ ಅನ್ನೋದು ಅವಳ ಗಟ್ಟಿ ನಂಬಿಕೆ. ಹಾಗಾಗಿ ಮಗಳಿಗೆ ಫ್ರೆಂಚ್ ಬೇಡ, ಸಂಗೀತ ಬೇಡ, ಮನೆಗೆಲಸ ಸಾಕು ಅಂದಳು. ಅಮ್ಮ ಮನೆಯಲ್ಲಿ ಇಲ್ಲದಾಗ ಅಪ್ಪ ಪಿಟೀಲು ಹೇಳಿಕೊಡುತ್ತಿದ್ದ. ಕ್ಯಾರೊಲಿನ್ ನೆರೆಹೊರೆಯ ಸಿಪಾಯಿಗಳ ಹೆಂಡಂದಿರಿಗೆ ಕಾಗದ ಬರೆದುಕೊಡುತ್ತಿದ್ದಳು, ಅಷ್ಟಾದರೂ ಅಕ್ಷರ ಉಪಯೋಗಕ್ಕೆ ಬಂತು. ಅಪ್ಪ ತೀರಿಕೊಂಡ ಐದು ವರ್ಷಕ್ಕೆ, 1772ರಲ್ಲಿ, ವಿಲಿಯಂ ಬಂದು ತಂಗಿಯನ್ನು ಹಾಡುಗಾರಿಕೆ ಕಲಿಸ್ತೀನಿ ಅಂತ ಕರೆದುಕೊಂಡು ಹೋದ. ಅಮ್ಮ ಸುಮ್ನೆ ಬಿಡಲಿಲ್ಲ. ಕೆಲಸದವಳನ್ನು ಇಟ್ಟುಕೊಳ್ಳೋಕೆ ವರ್ಷಾ ವರ್ಷಾ ದುಡ್ಡು ಕೊಡ್ತೀನಿ ಅಂತ ಅವನು ಒಪ್ಪಿದ ಮೇಲೇ ಕಳಿಸಿದ್ದು.

ಅಮ್ಮನನ್ನು ಬೈಯೋದು ಸುಲಭ. ಆದರೆ ಅವಳ ಲೆಕ್ಕ ತಪ್ಪಿರಲಿಲ್ಲ, ಅಲ್ವಾ? ಬದುಕುಳಿದ ಆರು ಮಕ್ಕಳಲ್ಲಿ ಐವರು ಒಂದಲ್ಲ ಒಂದು ಕಾಲಕ್ಕೆ ಇಂಗ್ಲೆಂಡ್ ಕಂಡರು. ಕಿರಿಯವನು ಡೀಟ್ರಿಶ್ ಅಂತೂ ಈಸ್ಟ್ ಇಂಡೀಸ್‌ಗೆ ಹೋಗ್ತೀನಿ ಅಂತ ಮನೆ ಬಿಟ್ಟು ಓಡಿ, ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಅಣ್ಣನ ಕೈಗೆ ಸಿಕ್ಕ. ಊರಲ್ಲೇ ಉಳಿದ ಹಿರಿಯ ಮಗಳು ಸೋಫಿಯಾಳ ಗಂಡುಮಕ್ಕಳೂ ಕೊನೆಗೆ ಇಂಗ್ಲೆಂಡಿನ ರಾಣಿಯ ವಾದ್ಯವೃಂದ ಸೇರಿದರು.

ಬಾತ್‌ನಲ್ಲಿ ಪಾಠದ ಶಿಷ್ಯರು ಬರುವ ಮನೆಯೇ ಟೆಲಿಸ್ಕೋಪ್ ಕಾರ್ಖಾನೆ ಆಯಿತು. ತಮ್ಮ ಅಲೆಕ್ಸಾಂಡರ್ ಚೆಲ್ಲೋ ವಾದಕ, ಯಂತ್ರದ ಕೆಲಸದಲ್ಲೂ ಕೈ ಪಳಗಿದವನು. ವಿಲಿಯಂ ಟೆಲಿಸ್ಕೋಪಿನ ಲೋಹದ ಕನ್ನಡಿ ಉಜ್ಜಲು ಕೂತರೆ ಹದಿನಾರು ಗಂಟೆ ಕೈ ತೆಗೆಯುತ್ತಿರಲಿಲ್ಲ, ಕ್ಯಾರೊಲಿನ್ ಬಾಯಿಗೆ ತುತ್ತು ಇಡಬೇಕಿತ್ತು. ಆ ಕನ್ನಡಿ ಎರಕ ಹೊಯ್ಯುವ ಅಚ್ಚು ಮಾಡುತ್ತಿದ್ದದ್ದು ಕುದುರೆ ಲದ್ದಿಯಿಂದ. ಯುರೇನಸ್ ಸಿಕ್ಕ ವರ್ಷವೇ ಒಂದು ದೊಡ್ಡ ಅಚ್ಚು ಸೋರಿ, ಕಾದ ಲೋಹ ನೆಲಕ್ಕೆ ಹರಿದು, ಹಾಸುಗಲ್ಲುಗಳು ಸಿಡಿದು ಎಲ್ಲರೂ ಹೊರಗೆ ಓಡಿದರು. ಆ ಮನೆ ಈಗ ಮ್ಯೂಸಿಯಂ, ಒಡೆದ ಕಲ್ಲುಗಳನ್ನು ಇವತ್ತಿಗೂ ನೋಡಬಹುದು. ಲಂಡನ್ನಿಗೆ ಹೋದವರು ಒಂದು ದಿನ ಬಿಡುವು ಮಾಡಿಕೊಳ್ಳಿ, ರೈಲಿನಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ.