ಸ್ವಿಫ್ಟ್‌ಗೆ 16 ಇಂಚಿನ ಅಲಾಯ್: ಮೊದಲು ಚಕ್ರ, ಸ್ಪ್ರಿಂಗ್ ಮಾತು ಆಮೇಲೆ

ಸ್ವಿಫ್ಟನ್ನು ಪಕ್ಕದಿಂದ ನೋಡಿದರೆ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ. ಅದನ್ನು ತುಂಬುವ ಆಸೆಗೆ ದೊಡ್ಡ ಅಲಾಯ್ (ಮಿಶ್ರಲೋಹದ ಚಕ್ರ), ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಎರಡನ್ನೂ ಒಂದೇ ದಿನ ಹಾಕಿಸಿಕೊಂಡು ಬರುವವರಿದ್ದಾರೆ. ಹಾಗೆ ಮಾಡಬೇಡಿ. ಟೈರ್ ಉಜ್ಜತೊಡಗಿದರೆ ತಪ್ಪು ಚಕ್ರದ್ದೋ ಸ್ಪ್ರಿಂಗಿನದೋ ಪತ್ತೆಯಾಗುವುದಿಲ್ಲ. ಮೊದಲು ಚಕ್ರ ಹಾಕಿ, ಒಂದೆರಡು ತಿಂಗಳು ಓಡಿಸಿ ನೋಡಿ. ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತದೆ ಎಂಬುದನ್ನು ನಿರ್ಧರಿಸುವ ಆಫ್‌ಸೆಟ್ ಸರಿಯಾಗಿ ಆರಿಸಿದ್ದರೆ ಕಾರು ಇಳಿಸಬೇಕೆಂಬ ಆಸೆ ತಾನಾಗಿಯೇ ತಣ್ಣಗಾಗುವುದುಂಟು.

ಕೆಳಗಿನ ಲೆಕ್ಕವೆಲ್ಲ 2018ರಲ್ಲಿ ಬಂದ ಸ್ವಿಫ್ಟಿನದು. ಕಡಿಮೆ ದರ್ಜೆಯ ಮಾದರಿಗಳಿಗೆ ಕಂಪನಿ ಕೊಟ್ಟಿದ್ದು 165/80 ಆರ್14, ಮೇಲಿನವಕ್ಕೆ 185/65 ಆರ್15. ಮೊದಲ ಸಂಖ್ಯೆ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಟೈರಿನ ಪಕ್ಕದ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಎರಡರ ಹೊರವ್ಯಾಸವೂ ಹೆಚ್ಚುಕಡಿಮೆ ಒಂದೇ: 619.6 ಮತ್ತು 621.5 ಮಿ.ಮೀ. ರಿಮ್ ದೊಡ್ಡದಾದರೂ ಈ ವ್ಯಾಸ ಬದಲಾಗಬಾರದು. ಬದಲಾದರೆ ಸ್ಪೀಡೋಮೀಟರ್, ಗೇರ್ ಎಳೆತ, ಎಬಿಎಸ್ ಎಲ್ಲಕ್ಕೂ ಅದರ ಬಿಸಿ ತಟ್ಟುತ್ತದೆ. 195/55 ಆರ್16 ತೆಗೆದುಕೊಂಡರೆ 620.9 ಬರುತ್ತದೆ, ಇದಕ್ಕಿಂತ ಹೊಂದಾಣಿಕೆ ಬೇಕಿಲ್ಲ. 205/55 ಆರ್16 ಸುಲಭವಾಗಿ ಸಿಗುತ್ತದೆ ಎಂದು ಅಂಗಡಿಯವರು ಅದನ್ನೇ ಮುಂದಿಡುತ್ತಾರೆ. ಅದು 631.9 ಮಿ.ಮೀ., ಅಗಲವೂ ಜಾಸ್ತಿ; ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ ಲೈನರಿಗೆ ತಾಗುವ ಸಾಧ್ಯತೆ ಹೆಚ್ಚು. 17 ಇಂಚಿಗೆ 205/45 ಲೆಕ್ಕಕ್ಕೆ ಹೊಂದುತ್ತದೆ ನಿಜ, ಆದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ 120 ಮಿ.ಮೀ.ನಿಂದ 92ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಒಮ್ಮೆ ಬಿದ್ದರೆ ರಿಮ್ಮಿನ ಅಂಚು ಬಗ್ಗುತ್ತದೆ, ಇಲ್ಲವೇ ಟೈರಿನ ಪಕ್ಕದಲ್ಲಿ ಗಂಟು ಎದ್ದು ಆ ಟೈರ್ ಗುಜರಿಗೆ. 16ಕ್ಕೆ ನಿಲ್ಲಿಸಿ.

ಟೈರಿನ ಮೇಲೆ ಅಳತೆಯ ಪಕ್ಕದಲ್ಲೇ ಇರುವ ಲೋಡ್ ಇಂಡೆಕ್ಸನ್ನೂ ಓದಿ. 88 ಎಂದರೆ ಒಂದು ಟೈರಿಗೆ 560 ಕೆ.ಜಿ., 87 ಎಂದರೆ 545. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮತ್ತು ಕಾರಿನ ಜೊತೆ ಬಂದ ಟೈರ್ ಏನು ಹೇಳುತ್ತವೋ ಅದಕ್ಕಿಂತ ಕಡಿಮೆ ಬೇಡ. 15 ಇಂಚಿನ ಕಾರಿಗೆ 16 ಹಾಕುವಾಗ 91 ಇಂಡೆಕ್ಸಿನ ಎಕ್ಸ್‌ಎಲ್ (ಹೆಚ್ಚು ಭಾರ ತಾಳುವ) ಟೈರ್ ಸಿಕ್ಕರೆ ಅದನ್ನೇ ಹಿಡಿಯಿರಿ.

ಈಗ ರಿಮ್. ಸ್ವಿಫ್ಟಿಗೆ ಬೇಕಾದದ್ದು 4 ತೂತು, 100 ಮಿ.ಮೀ. ಪಿಸಿಡಿ (ಆ ತೂತುಗಳ ನಡುಬಿಂದುಗಳು ಕೂರುವ ವೃತ್ತದ ವ್ಯಾಸ), 54.1 ಮಿ.ಮೀ. ಸೆಂಟರ್ ಬೋರ್ (ರಿಮ್ಮಿನ ನಡುವಿನ ತೂತು). ಹೊರಗಡೆ ಸಿಗುವ ಅಲಾಯ್‌ಗಳನ್ನು ಹಲವು ಕಾರುಗಳಿಗೆ ಹೊಂದಲಿ ಎಂದು ನಡುವಿನ ತೂತನ್ನು ದೊಡ್ಡದು ಮಾಡಿಯೇ ಎರಕ ಹೊಯ್ದಿರುತ್ತಾರೆ, 73.1 ಸಾಮಾನ್ಯ. ಚಕ್ರ ಕೂರುವ ಕಾರಿನ ಹಬ್ಬಿಗೂ ಈ ತೂತಿಗೂ ನಡುವೆ ಸುತ್ತಲೂ ಒಂಬತ್ತೂವರೆ ಮಿ.ಮೀ. ಖಾಲಿ ಉಳಿದರೆ ಚಕ್ರ ನಟ್ಟುಗಳ ಮೇಲಷ್ಟೇ ನಿಂತು, ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. 80ರಿಂದ 100 ಕಿ.ಮೀ. ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗುವುದಿಲ್ಲ. ಇದಕ್ಕೆ ಬೇಕಾದದ್ದು 73.1ರಿಂದ 54.1ಕ್ಕೆ ಇಳಿಸುವ ಹಬ್ ರಿಂಗ್, ನಾಲ್ಕು. ರಿಮ್ಮಿನ ಜೊತೆಗೇ ಕೇಳಿ ಪಡೆಯಿರಿ. "ಬೇಕಾಗಲ್ಲ ಸಾರ್" ಎನ್ನುವ ಅಂಗಡಿಯಿಂದ ಎದ್ದು ಬನ್ನಿ.

ನಟ್ಟಿನ ವಿಷಯದಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಮಾರುತಿಯ ಸ್ಟಡ್ (ನಟ್ ಕೂರುವ ಬೋಲ್ಟ್) 12 ಮಿ.ಮೀ. ದಪ್ಪ, ಮರೆಯ (ತಿರುಪಿನ ಗೆರೆಗಳ) ಅಂತರ 1.25 ಮಿ.ಮೀ. ಹ್ಯುಂಡೈಯದು 12 ಮಿ.ಮೀ.ಯೇ, ಅಂತರ ಮಾತ್ರ 1.5. ಡಬ್ಬದಲ್ಲಿ ಎರಡೂ ಬೆರೆತಿರುತ್ತವೆ, ನೋಟಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತಪ್ಪು ನಟ್ ಕೈಯಲ್ಲಿ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಹುಡುಗ ಅಲ್ಲಿಗೆ ಏರ್ ಗನ್ ಹಚ್ಚಿದರೆ ಸ್ಟಡ್ಡಿನ ಮರೆ ಹಾಳು. ಆದ್ದರಿಂದ ಪ್ರತಿ ನಟ್ಟೂ ಬೆರಳಿನಲ್ಲೇ ಕನಿಷ್ಠ ಆರೇಳು ಸುತ್ತು ಸಲೀಸಾಗಿ ಹೋಗಬೇಕೆಂದು ನಿಂತು ನೋಡಿ. ನಟ್ಟಿನ ತುದಿ ಶಂಕುವಿನ ಆಕಾರದ್ದಾಗಿದ್ದರೆ ರಿಮ್ಮಿನ ಕುಳಿಯೂ ಅದೇ ಆಕಾರದ್ದಿರಬೇಕು.

ಆಫ್‌ಸೆಟ್ ಎಂದರೆ ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ಹೊರಕ್ಕಿದೆ ಎಂಬ ಅಳತೆ. ಹಳೆಯ ರಿಮ್ಮಿನ ಹಿಂಬದಿಯಲ್ಲಿ ಇಟಿ ಎಂಬ ಅಕ್ಷರಗಳ ಪಕ್ಕ ಅಚ್ಚೊತ್ತಿರುತ್ತದೆ, ಬಿಚ್ಚಿಸಿ ಓದಿಕೊಳ್ಳಿ. ಹಳೆಯದು 6 ಇಂಚು ಅಗಲ, ಆಫ್‌ಸೆಟ್ 45 ಎಂದಿಟ್ಟುಕೊಳ್ಳಿ. ಹೊಸದು 7 ಇಂಚು, 38 ಆದರೆ ಹೊರ ಅಂಚು ಸುಮಾರು 20 ಮಿ.ಮೀ. ಹೊರಗೆ ಬರುತ್ತದೆ, ಒಳ ಅಂಚು 6 ಮಿ.ಮೀ. ಒಳಗೆ ಸರಿಯುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತ ದಿನ ಟೈರ್ ಮಡ್‌ಗಾರ್ಡಿನ ತುಟಿಗೆ ಉಜ್ಜುವುದು ಇಂಥದ್ದರಿಂದಲೇ. ಅದರ ಬದಲು ಆರೂವರೆ ಇಂಚು, 42 ಆದರೆ ಹೊರಗೆ 9, ಒಳಗೆ 3. 195ರ ಟೈರಿಗೆ ಆರೂವರೆ ಧಾರಾಳ ಸಾಕು. ಪಕ್ಕದಿಂದ ನೋಡಿದರೆ ಕಾರು ನೆಲಕ್ಕೆ ಒತ್ತಿ ನಿಂತಂತೆ ಕಾಣಲು ಆ 9 ಮಿ.ಮೀ. ಬಹಳ ಕೆಲಸ ಮಾಡುತ್ತದೆ.

ಜೋಡಿಸುವಾಗ ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿಸಿ, ರಿಂಗ್ ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಸಬೇಕು. ಕೊನೆಯ ಬಿಗಿತ ಟಾರ್ಕ್ ಪಾನಾದಿಂದ, ಕಾರಿನ ಕೈಪಿಡಿಯಲ್ಲಿರುವಷ್ಟು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೆ ಪರೀಕ್ಷಿಸಿ. ಹೊಸ ಅಲಾಯ್‌ನಲ್ಲಿ ನಟ್ ಕೂತು ಸಡಿಲವಾಗುವುದು ಮಾಮೂಲು. ಉಜ್ಜುತ್ತದೆಯೇ ಎಂದು ತಿಳಿಯಲು ಲೈನರಿನ ಒಳಮೈಗೂ ಮಡ್‌ಗಾರ್ಡಿನ ಒಳತುಟಿಗೂ ಸೀಮೆಸುಣ್ಣ ದಪ್ಪಗೆ ಬಳಿದು, ನಾಲ್ಕು ಜನರನ್ನು ಕೂರಿಸಿಕೊಂಡು ಎರಡೂ ಕಡೆ ಪೂರ್ತಿ ಸ್ಟಿಯರಿಂಗ್ ತಿರುಗಿಸಿ ಹಂಪ್ ಹತ್ತಿಳಿಸಿ. ಸುಣ್ಣ ಅಳಿಸಿದ ಕಡೆ ತಾಗುತ್ತಿದೆ ಎಂದರ್ಥ. ಸ್ಟೆಪ್ನಿ ಹಳೆಯ ಉಕ್ಕಿನ ಚಕ್ರವೇ ಇರಲಿ, ವ್ಯಾಸ ಒಂದೇ ಆದ್ದರಿಂದ ತೊಂದರೆಯಿಲ್ಲ. ಅದಕ್ಕೆ ಹೊಂದುವ ಹಳೆಯ ನಾಲ್ಕು ನಟ್ ಡಿಕ್ಕಿಯಲ್ಲಿರಲಿ.

ಇನ್ನು ಇಳಿಸುವ ವಿಷಯ. ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಮಾರುಕಟ್ಟೆಯ ಸ್ಪ್ರಿಂಗ್ 30 ಇಳಿಸಿದರೆ 133. ಜನ, ಸಾಮಾನು ತುಂಬಿದರೆ ಇನ್ನಷ್ಟು ಕೆಳಗೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 100 ಮಿ.ಮೀ. ಎತ್ತರ, 3.7 ಮೀಟರ್ ಅಗಲ. ಅದರ ಮೇಲೆ 2.45 ಮೀಟರ್ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರದ) ಸ್ವಿಫ್ಟ್ ನಿಂತರೆ ನಾಲ್ಕೂ ಚಕ್ರ ಹಂಪಿನ ಮೇಲೇ ಇರುತ್ತವೆ, ನಡುಹೊಟ್ಟೆಗೆ ಎದ್ದು ಬರುವುದು ಸುಮಾರು 44 ಮಿ.ಮೀ. ಮಾತ್ರ. ಇಳಿಸಿದ ಕಾರೂ ಆರಾಮಾಗಿ ದಾಟುತ್ತದೆ. ಆದರೆ ನಮ್ಮ ಊರ ಶಾಲೆ, ದೇವಸ್ಥಾನದ ಮುಂದೆ ಜನರೇ ಟಾರು ಸುರಿದು ಕಟ್ಟಿದ ಹಂಪ್ ಒಂದೆರಡು ಅಡಿ ಅಗಲದ್ದು. ಮುಂದಿನ ಚಕ್ರ ಇಳಿದು ಹಿಂದಿನದು ಹತ್ತುವ ಮೊದಲು ಅದರ ಪೂರ್ತಿ ಎತ್ತರ ಹೊಟ್ಟೆಯ ಕೆಳಗೆ ಬರುತ್ತದೆ. ಅಲ್ಲಿ 133 ಸಾಲುವುದಿಲ್ಲ, ಸೈಲೆನ್ಸರ್ ಪೈಪ್ ಕೆರೆಯುತ್ತದೆ. ರಿಂಗ್ ರೋಡಿನಲ್ಲಷ್ಟೇ ಓಡುವ ಕಾರಾದರೆ ಮಾತು ಬೇರೆ. ಊರಿಗೆ ಹೋಗಿ ಬರುವ ಕಾರನ್ನು ಇಳಿಸಬೇಡಿ ಎಂದೇ ಹೇಳುತ್ತೇನೆ.

ಇಳಿಸಲೇಬೇಕೆಂದರೆ 25 ಮಿ.ಮೀ. ಮೀರಬೇಡಿ, ನಿಮ್ಮ ಕಾರಿಗೆಂದೇ ಮಾಡಿದ ಸ್ಪ್ರಿಂಗ್ ಸೆಟ್ ಹಾಕಿಸಿ. ಇದ್ದ ಸ್ಪ್ರಿಂಗನ್ನೇ ಒಂದು ಸುತ್ತು ಗ್ಯಾಸ್ ಕಟರಿನಲ್ಲಿ ಕತ್ತರಿಸಿ ಕೊಡುವವರಿದ್ದಾರೆ. ಕಾಯಿಸಿದ ಕಡೆ ಉಕ್ಕಿನ ಹದ ಕೆಡುತ್ತದೆ, ತುಂಡಾದ ತುದಿ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಗಾಳಿಯಲ್ಲಿ ತೂಗಿದಾಗ ಸ್ಪ್ರಿಂಗ್ ಜಾಗ ಬಿಟ್ಟು ಸರಿಯಬಹುದು. ಸ್ಪ್ರಿಂಗ್ ಗಿಡ್ಡವಾದಷ್ಟೂ ಶಾಕ್ ಅಬ್ಸಾರ್ಬರಿಗೆ ಉಳಿಯುವ ಓಟವೂ ಕಡಿಮೆ, ಓಟದ ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪಿಗೆ ಬೇಗ ಬಡಿಯುತ್ತದೆ; ಹಳೆಯ ಶಾಕ್ ಬೇಗನೆ ಎಣ್ಣೆ ಸೋರತೊಡಗುತ್ತದೆ. ಹಾಕಿಸಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ, ಮುಖ್ಯವಾಗಿ ಟೋ, ಅಂದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಬಿಟ್ಟರೆ ಮುಂದಿನ ಟೈರುಗಳ ಒಂದು ಅಂಚು ಬೇಗ ಸವೆಯುತ್ತದೆ. ಹೆಡ್‌ಲೈಟಿನ ಕೋನವನ್ನೂ ಸರಿಪಡಿಸಿಕೊಳ್ಳಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನವನ್ನು ಕಂಪನಿಯ ಮೂಲ ವಿವರಗಳಿಗೆ ಹೊಂದದಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ 182ಎ ಕಲಂ ಅಡಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ರಿಮ್ಮಿನ ಬಿಲ್ ಇಟ್ಟುಕೊಂಡು ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಪಾಲಿಸಿಯಲ್ಲಿ ಸೇರಿಸಿದ್ದಾರೆಯೇ ನೋಡಿಕೊಳ್ಳಿ. ಹಳೆಯ ರಿಮ್ ಸೆಟ್ಟನ್ನು ಮಾರಬೇಡಿ, ಕಾರು ಕೈ ಬದಲಿಸುವಾಗ ಬೇಕಾಗುತ್ತದೆ.