ಜೋಜಿಲಾದ ಟ್ಯಾಂಕು, ಶಿರಾಡಿಯ ಟ್ರಾನ್ಸ್‌ಫಾರ್ಮರ್

ಮಂಗಳೂರಿನಲ್ಲಿ ಭಾರೀ ಸರಕು ಸಾಗಿಸುವ ಕಂಪನಿಯೊಂದರಲ್ಲಿ ನನ್ನದು ರೂಟ್ ಸರ್ವೆ ಕೆಲಸ, ಅಂದರೆ ಸರಕು ಹೋಗುವ ದಾರಿಯನ್ನು ಮೊದಲೇ ಅಳೆದು ನೋಡುವುದು. ಪಣಂಬೂರಿನ ಬಂದರಿನಲ್ಲಿ ಇಳಿದ ದೊಡ್ಡ ಯಂತ್ರ, ಟ್ರಾನ್ಸ್‌ಫಾರ್ಮರ್ ಎಲ್ಲ ಘಟ್ಟ ಹತ್ತಿ ಆಚೆ ಸೇರಬೇಕು. ಮಾಮೂಲಿ ಲಾರಿಯ ಉದ್ದ ಅಗಲಕ್ಕೆ ಒಗ್ಗದ ಇಂಥ ಸರಕಿಗೆ ನಾವು ಓ.ಡಿ.ಸಿ., ಅಂದರೆ ಓವರ್ ಡೈಮೆನ್ಷನಲ್ ಕಾರ್ಗೋ ಅಂತೇವೆ. ಹೊಸದಾಗಿ ಸೇರುವ ಹುಡುಗರು ಮೊದಲು ಕೇಳುವುದು ಪುಲ್ಲರ್ (ಟ್ರೇಲರ್ ಎಳೆಯುವ ಗಾಡಿ) ಯಾವುದು, ಎಷ್ಟು ಆಕ್ಸಲ್ (ಟ್ರೇಲರಿನ ಚಕ್ರಗಳ ಸಾಲು) ಹಾಕ್ತೀರಿ ಅಂತ. ಆಗ ನಾನು ಅವರಿಗೆ ಜನರಲ್ ತಿಮ್ಮಯ್ಯನವರ ಕಥೆ ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಉಳಿದವರು ಫೋನ್ ನೋಡುತ್ತಾರೆ.

ಕೆ. ಎಸ್. ತಿಮ್ಮಯ್ಯ ನಮ್ಮ ಪಕ್ಕದ ಮಡಿಕೇರಿಯವರು. ಹುಟ್ಟಿದ್ದು 1906ರಲ್ಲಿ. ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್‌ನಲ್ಲಿ ಒಂದು ಬ್ರಿಗೇಡ್ ನಡೆಸಿದರು. ಆ ಯುದ್ಧದಲ್ಲಿ ರಣರಂಗದಲ್ಲೇ ಬ್ರಿಗೇಡ್ ಮುನ್ನಡೆಸಿದ ಭಾರತೀಯ ಅಧಿಕಾರಿ ಅವರೊಬ್ಬರೇ. ಕೊರಿಯಾದ ಯುದ್ಧಕೈದಿಗಳ ವಿಷಯದಲ್ಲಿ ಅವರು ಮಾಡಿದ ಕೆಲಸ, ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಹೊಣೆ, ಅದೆಲ್ಲ ಬೇರೆಯೇ ಅಧ್ಯಾಯ. ನಮ್ಮ ಕೆಲಸಕ್ಕೆ ಬೇಕಾದದ್ದು 1948.

ಆ ವರ್ಷ ಕಾಶ್ಮೀರದ ಯುದ್ಧದಲ್ಲಿ ಪಾಕಿಸ್ತಾನದ ಕಡೆಯವರು ಜೋಜಿಲಾ ಅನ್ನುವ ಕಣಿವೆದಾರಿ, ಅದರಾಚೆಯ ದ್ರಾಸ್, ಕಾರ್ಗಿಲ್ ಹಿಡಿದುಕೊಂಡರು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಕಟ್ಟಾಯಿತು. ಆಗ ತಿಮ್ಮಯ್ಯ ಡಿವಿಷನ್ ಕಮಾಂಡರ್. ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಲೇಹ್‌ನ ಕಚ್ಚಾ ರನ್‌ವೇಯಲ್ಲಿ ಇಳಿಸಿದರು. ಅದಕ್ಕೂ ಮೊದಲು ಅಲ್ಲಿ ಯಾರೂ ವಿಮಾನ ಇಳಿಸಿರಲಿಲ್ಲ. ಆ ವಿಮಾನದಲ್ಲಿ ತಿಮ್ಮಯ್ಯನವರೂ ಇದ್ದರು. ಡಿವಿಷನ್ ಕಮಾಂಡರ್ ಆದವರು ಶ್ರೀನಗರದಲ್ಲಿ ಕೂತು ವರದಿ ತರಿಸಿಕೊಳ್ಳಬಹುದಿತ್ತಲ್ವಾ? ಗೂಗಲ್ ಮ್ಯಾಪ್ ನೋಡಿ ರೂಟ್ ಓಕೆ ಅನ್ನುವವರಿಗೆ ನಾನು ಇಲ್ಲೊಮ್ಮೆ ಕಥೆ ನಿಲ್ಲಿಸುತ್ತೇನೆ.

ಸೆಪ್ಟೆಂಬರ್‌ನಲ್ಲಿ ಪ್ಯಾರಾ ಬ್ರಿಗೇಡ್ ಜೋಜಿಲಾಕ್ಕೆ ನೇರವಾಗಿ ನುಗ್ಗಿ ನೋಡಿತು. ಶತ್ರುಗಳ ಮೆಷಿನ್‌ಗನ್‌ಗಳು ಬಂಡೆಯ ಗವಿಗಳಲ್ಲಿದ್ದವು. ಕೆಳಗಿನಿಂದ ಹತ್ತುವವರಿಗೆ ಮರೆಯೇ ಇಲ್ಲ. ಆಗಲಿಲ್ಲ. ಮತ್ತೂ ಅದೇ ರೀತಿ ಜಾಸ್ತಿ ಜನ ಕಳಿಸುವುದು ಸುಲಭದ ಯೋಚನೆ. ತಿಮ್ಮಯ್ಯ ಟ್ಯಾಂಕ್ ತರಿಸುವ ಯೋಚನೆ ಮಾಡಿದರು. ಸುಮಾರು 11,500 ಅಡಿ ಎತ್ತರದ ಕಣಿವೆದಾರಿಗೆ! ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆ ಅಂತ ಎದುರಿನವರಿಗೆ ಕನಸಿನಲ್ಲೂ ಇರಲಿಲ್ಲ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ದಾಳಿಗೆ ಹಾರುತ್ತಾರೆ. ನನಗೆ ಅದಕ್ಕೂ ಮೊದಲಿನ ಭಾಗವೇ ಇಷ್ಟ. ಸೇನೆಯ ಟ್ಯಾಂಕ್ ದಳವಾದ ಏಳನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮು ಕಡೆ ಇದ್ದವು. ಒಂದೊಂದು ಸುಮಾರು 15 ಟನ್. ದಾರಿಯ ಸೇತುವೆಗಳು ಆ ತೂಕಕ್ಕೆ ಕಟ್ಟಿದವಲ್ಲ. ಹಾಗಾಗಿ ಟ್ಯಾಂಕಿನ ಮೇಲಿನ ಗೋಪುರ, ಅಂದರೆ ಟರೆಟ್ ಬಿಚ್ಚಿ ಬೇರೆ ಸಾಗಿಸಿದರು. ಇದರಿಂದ ತೂಕವೂ ಇಳಿಯಿತು, ನೋಡಿದವರಿಗೆ ಟ್ಯಾಂಕ್ ಅಂತ ಗೊತ್ತಾಗುವುದೂ ತಪ್ಪಿತು. ಟಾರ್ಪಾಲು ಮುಚ್ಚಿ ಬನಿಹಾಲ್ ದಾಟಿಸಿದರು. ಶ್ರೀನಗರ ದಾಟುವಾಗ ಊರಿಗೆ ಕರ್ಫ್ಯೂ. ಜೋಜಿಲಾದ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವಷ್ಟು ದಾರಿ. ಅದನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳದವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಹೋದವರಿಗೆ ಅವರ ಕೇಂದ್ರ ಗೊತ್ತಿರುತ್ತದೆ. ಮೇಲೆ ಶತ್ರು, ಕೆಳಗೆ ಇವರು ಕಲ್ಲು ಒಡೆಯುವುದು. ಅಕ್ಟೋಬರ್ ಕೊನೆಗೆ ಹಿಮ ಬಿದ್ದು ದಾಳಿಯ ದಿನ ಮುಂದಕ್ಕೆ ಹೋಯಿತು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು ಅನ್ನುತ್ತಾರೆ. ಗವಿಗಳಿಗೆ ಗುಂಡು ಬಿದ್ದಾಗ ಅಲ್ಲಿದ್ದವರು ಕಾಲ್ಕಿತ್ತರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಎರಡೂ ವಾಪಸ್ ಬಂದವು.

ನಾವು ಟ್ರಾನ್ಸ್‌ಫಾರ್ಮರ್ ಸಾಗಿಸುವುದೂ ಹೆಚ್ಚುಕಡಿಮೆ ಹೀಗೇ. ರೇಡಿಯೇಟರ್, ಬುಶಿಂಗ್, ಮೇಲಿನ ಎಣ್ಣೆ ಟ್ಯಾಂಕ್ ಎಲ್ಲ ಬಿಚ್ಚಿ ಬೇರೆ ಲಾರಿಗೆ. ಎಣ್ಣೆ ಖಾಲಿ ಮಾಡಿ ಒಳಗೆ ಒಣಗಾಳಿಯೋ ನೈಟ್ರೋಜನ್ನೋ ತುಂಬಿಸುವುದು. ಏಟು ಬಿದ್ದರೆ ಗುರುತು ಹಿಡಿಯಲು ಮೈಮೇಲೆ ಇಂಪ್ಯಾಕ್ಟ್ ರೆಕಾರ್ಡರ್. ಇಷ್ಟಾದ ಮೇಲೂ ಉಳಿಯುವ ತೂಕ ಸಣ್ಣದಲ್ಲ. ಅದನ್ನು ಹೈಡ್ರಾಲಿಕ್ ಆಕ್ಸಲ್‌ಗಳಿಗೆ ಹಂಚಿ, ರಾತ್ರಿ ನೋಡಿಕೊಂಡು ಹೊರಡುವುದು. ಬಿ.ಸಿ. ರೋಡ್, ಉಪ್ಪಿನಂಗಡಿ ದಾಟಿ ಗುಂಡ್ಯ ಮುಟ್ಟಿದ ಮೇಲೆ ಶಿರಾಡಿ ಘಟ್ಟ, ಅಲ್ಲಿ ನಿಜವಾದ ಕೆಲಸ ಶುರು.

ಒಮ್ಮೆ ದೊಡ್ಡ ಪ್ರೆಷರ್ ವೆಸೆಲ್, ಅಂದರೆ ಕಾರ್ಖಾನೆಯ ಒತ್ತಡ ತಡೆಯುವ ಟ್ಯಾಂಕ್ ಒಂದು ಬಂದಿತ್ತು. ಅದರ ಪಕ್ಕದಲ್ಲಿ ಕೆಲಸಗಾರರು ನಿಲ್ಲುವ ಪ್ಲಾಟ್‌ಫಾರ್ಮಿನ ಬ್ರಾಕೆಟ್‌ಗಳು ಹೊರಗೆ ಚಾಚಿದ್ದವು. ಶಿರಾಡಿಯ ಒಂದು ತಿರುವಿನಲ್ಲಿ ಅವು ಗುಡ್ಡಕ್ಕೆ ತಾಗುತ್ತವೆ ಅಂತ ಅಳತೆ ಹೇಳುತ್ತಿತ್ತು. ಮೀಟಿಂಗ್‌ನಲ್ಲಿ ಎಲ್ಲರೂ ಇನ್ನೊಂದು ಪುಲ್ಲರ್ ಹಿಂದಿನಿಂದ ಕೊಡುವ ಬಗ್ಗೆಯೇ ಮಾತು. ಶಕ್ತಿ ಜಾಸ್ತಿ ಮಾಡಿದರೆ ಅಗಲ ಕಡಿಮೆ ಆಗುತ್ತದಾ ಮಾರಾಯ್ರೆ? ನಮ್ಮ ಹಳೆಯ ಡ್ರೈವರ್ ಒಬ್ಬರು ಹಿಂದಿನ ಸಾಲಿನಿಂದ, “ಸಾರ್, ಆ ಕಿವಿ ಬಿಚ್ಚಲಿಕ್ಕೆ ಆಗುದಿಲ್ವಾ?” ಅಂದರು. ತಯಾರಿಸಿದವರಿಗೆ ಪತ್ರ ಬರೆದೆವು. ಬೋಲ್ಟ್ ಹಾಕಿದ್ದು, ಬಿಚ್ಚಬಹುದು ಅಂತ ಉತ್ತರ ಬಂತು. ಅದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ. ದಾರಿಯ ಹಳೆಯ ಮೋರಿಗೆ ಉಕ್ಕಿನ ಪ್ಲೇಟ್ ಹಾಸಿ ದಾಟಿಸಿದೆವು.

ನಮ್ಮ ಧಣಿಗಳಿಗೆ ಈ ಹೋಲಿಕೆ ಅಷ್ಟಾಗಿ ಹಿಡಿಸುವುದಿಲ್ಲ. “ಅವರಿಗೆ ಕರ್ಫ್ಯೂ ಹಾಕಲಿಕ್ಕೆ ಆಗ್ತಿತ್ತು, ನಮಗೆ ಒಂದು ಕರೆಂಟ್ ಲೈನ್ ಆಫ್ ಮಾಡಿಸಲಿಕ್ಕೂ ಅರ್ಜಿ ಕೊಡಬೇಕು” ಅಂತಾರೆ. ಅದೂ ನಿಜ.

ತಿಮ್ಮಯ್ಯ 1957ರಲ್ಲಿ ಸೇನಾ ಮುಖ್ಯಸ್ಥರಾದರು. ಆಗಲೂ ಅವರ ಲೆಕ್ಕ ದಾರಿಯದ್ದೇ ಅಂತ ನನಗೆ ಅನ್ನಿಸುತ್ತದೆ. ಪೂರ್ವದ ಕಮಾಂಡಿನಲ್ಲಿದ್ದ ಲೆಫ್ಟಿನೆಂಟ್ ಜನರಲ್ ಥೋರಟ್ ಒಂದು ಯೋಜನೆ ಬರೆದಿದ್ದರು. ಚೀನಾ ಬಂದರೆ ಗಡಿಯ ತುದಿಯಲ್ಲೇ ನಿಂತು ಹೊಡೆದಾಡುವುದು ಬೇಡ. ನಮಗೆ ಸಾಮಾನು ಮುಟ್ಟಿಸಲು ಆಗುವ ಕಡೆ, ಅವರಿಗೆ ಸಾಮಾನು ತರುವ ದಾರಿ ಉದ್ದ ಆಗುವ ಕಡೆ ಗಟ್ಟಿಯಾಗಿ ನಿಲ್ಲೋಣ ಅಂತ. ತಿಮ್ಮಯ್ಯ ಅದನ್ನು ಒಪ್ಪಿ ಮೇಲಕ್ಕೆ ಕಳಿಸಿದರು. ಮೇಲಿನವರು ಬದಿಗಿಟ್ಟರು. ಅದಕ್ಕೂ ಸ್ವಲ್ಪ ಮೊದಲು, 1959ರ ಆಗಸ್ಟ್ ಕೊನೆಗೆ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಸರಿಹೋಗದೆ ತಿಮ್ಮಯ್ಯ ರಾಜೀನಾಮೆ ಕೊಟ್ಟಿದ್ದರು. ನೆಹರು ಹೇಳಿದ್ದಕ್ಕೆ ವಾಪಸ್ ತೆಗೆದುಕೊಂಡರು. ಹಾಗೆ ತೆಗೆದುಕೊಳ್ಳಬಾರದಿತ್ತು ಅಂತ ನನ್ನ ಅಭಿಪ್ರಾಯ. ಆಮೇಲೆ ಅವರ ಮಾತಿನ ತೂಕ ಇಳಿಯಿತು. 1961ರಲ್ಲಿ ನಿವೃತ್ತಿ. ಮರುವರ್ಷ ನಮ್ಮ ಸೈನಿಕರು ರಸ್ತೆಯೇ ಮುಟ್ಟದ ಠಾಣೆಗಳಲ್ಲಿ, ಬೆಚ್ಚನೆ ಬಟ್ಟೆಯೂ ಸರಿಯಾಗಿಲ್ಲದೆ ಚೀನಾವನ್ನು ಎದುರಿಸಬೇಕಾಯಿತು.

ನಮ್ಮಲ್ಲೂ ಮಳೆಗಾಲದ ಮೊದಲ ವಾರಗಳಲ್ಲಿ ಗಿರಾಕಿಗಳ ಒತ್ತಾಯ ಜೋರಿರುತ್ತದೆ. ಹೇಗಾದರೂ ಒಮ್ಮೆ ಘಟ್ಟ ಹತ್ತಿಸಿ ಅಂತಾರೆ. ಶಿರಾಡಿಯಲ್ಲಿ ಯಾವಾಗ ಗುಡ್ಡ ಜರಿಯುತ್ತದೆ, ಯಾವಾಗ ದೊಡ್ಡ ಗಾಡಿಗಳಿಗೆ ತಡೆ ಬೀಳುತ್ತದೆ ಹೇಳಲಿಕ್ಕಾಗದು. ಹಾಗಾಗಿ ಈಗ ಆಗುವುದಿಲ್ಲ ಅನ್ನುವುದನ್ನು ನಾನು ಫೋನಿನಲ್ಲಿ ಹೇಳುವುದಿಲ್ಲ. ಸರ್ವೆ ವರದಿಯ ಮೊದಲ ಪುಟದಲ್ಲೇ ಕಾರಣ ಸಮೇತ ಬರೆದು, ಕೆಳಗೆ ಅವರ ಸಹಿ ತೆಗೆದುಕೊಳ್ಳುತ್ತೇನೆ. ಧಣಿಗಳಿಗೂ ಒಂದು ಪ್ರತಿ. ಅಷ್ಟರ ಮೇಲೂ ಹೊರಡಲೇಬೇಕು ಅನ್ನುವ ಗಿರಾಕಿ ಬೇರೆಯವರ ಗಾಡಿ ನೋಡಿಕೊಳ್ಳಬಹುದು. ಇಲ್ಲದಿದ್ದರೆ ಮಳೆ ಮುಗಿಯುವ ತನಕ ಸರಕು ಪಣಂಬೂರಿನ ಯಾರ್ಡಿನಲ್ಲಿ, ಜಾಗದ ಬಾಡಿಗೆ ಅವರದ್ದೇ.